ಕ್ಯಾನಿನಲ್ಲಿ ಅಳೆದ ಉಸಿರು

ಜೂನ್ 14

ಪ್ರೀತಿಯ ಅಣ್ಣನಿಗೆ,

ನೀನು ಕೊಡಿಸಿದ ಕೆಲಸಕ್ಕೆ ಸೇರಿದ್ದಾಯಿತು. ಶಾಲೆ ನೀನು ಹೇಳಿದ ಹಾಗೇ ಇದೆ. ನಡೆಸುವವರು ನಿಮ್ಮ ಕಂಪನಿಯವರು ಎಂದು ಗೇಟಿನ ಮೇಲೇ ದೊಡ್ಡದಾಗಿ ಬರೆಸಿದ್ದಾರೆ. ಕಲ್ಲು ಅರೆಯುವ ಯಂತ್ರಗಳ ಸದ್ದು ಬೆಳಗಿನಿಂದ ಸಂಜೆಯವರೆಗೆ ಕೇಳಿಸುತ್ತಲೇ ಇರುತ್ತದೆ. ಮೊದಮೊದಲು ತಲೆ ಚಿಟ್ಟು ಹಿಡಿಯುತ್ತಿತ್ತು. ಈಗ ಊಟದ ಹೊತ್ತಿಗೆ ಸದ್ದು ನಿಂತರೇ ಏನೋ ಕೆಟ್ಟಿತು ಅನ್ನಿಸುತ್ತದೆ. ಮೇಜು, ಕಿಟಕಿ, ಹಾಜರಿ ಪುಸ್ತಕ ಯಾವುದನ್ನು ಒರೆಸಿದರೂ ಮಧ್ಯಾಹ್ನಕ್ಕೆ ಮತ್ತೆ ಬಿಳಿ ಪುಡಿ. ನಿಮ್ಮ ಕಲ್ಲುಪುಡಿ ಬಣ್ಣಕ್ಕೂ ಪಿಂಗಾಣಿಗೂ ಹೋಗುವ ಮೊದಲು ನನ್ನ ಮೇಜಿನ ಮೇಲೆ ಒಂದು ನಿಮಿಷ ಕೂತು ಹೋಗುತ್ತದೆ.

ಪ್ರಯೋಗಾಲಯ ಅಂದರೆ ಬೀಗ ಹಾಕಿದ ಒಂದು ಬೀರು. ಬೀಗದ ಕೈ ಹೆಡ್‌ಮೇಷ್ಟ್ರ ಹತ್ತಿರ. ತೆಗೆಸಿ ನೋಡಿದರೆ ಕಾಲು ಮುರಿದ ಒಂದು ಸೂಕ್ಷ್ಮದರ್ಶಕ ಮತ್ತು ಜೇಡರ ಬಲೆ. ಹಾಗಾಗಿ ನೀನು ಚಿಕ್ಕಂದಿನಲ್ಲಿ ಅಡುಗೆಮನೆಯ ಡಬ್ಬಗಳಲ್ಲಿ ನನಗೆ ವಿಜ್ಞಾನ ಕಲಿಸಿದ ದಾರಿಯನ್ನೇ ಹಿಡಿದೆ.

ಎಂಟನೇ ತರಗತಿಗೆ ಎರಡು ಮಾತು ಹೇಳಿಕೊಡಬೇಕಿತ್ತು, ವಿಶ್ವಾಸಾರ್ಹತೆ ಮತ್ತು ಸಿಂಧುತ್ವ. ಎಷ್ಟು ಸಲ ಅಳೆದರೂ ಅದೇ ಉತ್ತರ ಬರುತ್ತದಾ, ಅದು ಮೊದಲನೆಯದು. ಅಳೆಯಬೇಕಾದ್ದನ್ನೇ ಅಳೆಯುತ್ತಿದ್ದೇವಾ, ಅದು ಎರಡನೆಯದು. ಹೆಡ್‌ಮೇಷ್ಟ್ರ ಕೋಣೆಯ ಗಡಿಯಾರ ದಿನಾ ತಪ್ಪದೆ ಕಾಲು ಗಂಟೆ ಮುಂದಿರುತ್ತದೆ, ಅದು ನಂಬಿಕಸ್ತ ಗಡಿಯಾರ, ಆದರೆ ಹೇಳುವ ಹೊತ್ತು ಸುಳ್ಳು ಅಂದೆ. "ಬೆಲ್ ಹೊಡೆಯೋ ಹೊತ್ತಿಗೆ ಮಾತ್ರ ಹಿಂದೆ ಹೋಗಿರುತ್ತೆ ಮಿಸ್," ಅಂದಳು ಒಬ್ಬ ಹುಡುಗಿ. ಇಡೀ ತರಗತಿ ನಕ್ಕಿತು. ಅವಳನ್ನು ಎಲ್ಲರೂ ವಟವಟ ಅಂತಲೇ ಕರೆಯುತ್ತಾರೆ. ಬಾಯಿ ಮುಚ್ಚಿದ್ದನ್ನು ನಾನಿನ್ನೂ ನೋಡಿಲ್ಲ.

ಪ್ರಯೋಗ ಇಷ್ಟೇ. ಐದು ಲೀಟರಿನ ಕ್ಯಾನಿಗೆ ಅಳತೆಯ ಗೆರೆ ಎಳೆದು, ನೀರು ತುಂಬಿ, ಟಬ್ಬಿನಲ್ಲಿ ಬೋರಲು ಹಾಕಿ, ಒಳಗೆ ರಬ್ಬರ್ ಕೊಳವೆ ತೂರಿಸಿದೆ. ಮಕ್ಕಳು ಪೂರ್ತಿ ಉಸಿರು ಎಳೆದುಕೊಂಡು ಊದಬೇಕು. ಎಷ್ಟು ನೀರು ಹೊರಬಂತೋ ಅಷ್ಟು ಉಸಿರು. ವಟವಟ ತರಗತಿಯಲ್ಲೇ ಎತ್ತರದ ಹುಡುಗಿ. ಅವಳು ಊದಿದರೆ ನೀರು ಒಂದೂವರೆ ಲೀಟರಿನ ಗೆರೆ ದಾಟಲೇ ಇಲ್ಲ. ಅವಳ ಭುಜದಷ್ಟಿರುವ ಹುಡುಗಿಯರು ಎರಡು ದಾಟಿಸಿದ್ದರು. "ಆಟ ಆಡಬೇಡ, ಮನಸ್ಸಿಟ್ಟು ಊದು," ಎಂದು ಗದರಿದೆ. ಮೂರು ಸಲವೂ ಅಷ್ಟೇ. "ನೋಡಿ ಮಕ್ಕಳೇ, ಇದು ವಿಶ್ವಾಸಾರ್ಹ, ಆದರೆ ಸಿಂಧುವಲ್ಲ. ಇದು ಅಳೆಯುತ್ತಿರುವುದು ಇವಳ ಶ್ವಾಸಕೋಶವನ್ನಲ್ಲ, ಇವಳ ಸೋಮಾರಿತನವನ್ನು," ಎಂದೆ. ಪಾಠಕ್ಕೆ ಒಳ್ಳೆಯ ಉದಾಹರಣೆ ಸಿಕ್ಕಿತು.

ಆದರೆ ಊರಿನ ಬಡವರಿರುವ ಕೆಳಗಿನ ಬೀದಿಯಿಂದ ಬರುವ ಇನ್ನೂ ಕೆಲವು ಮಕ್ಕಳದು ಹೀಗೇ ಕಡಿಮೆ ಬಂದಿದೆ. ನನ್ನ ಕ್ಯಾನಿನಲ್ಲಿ ತಪ್ಪು ಎಲ್ಲಿದೆ, ಬಿಡುವಿದ್ದಾಗ ಹೇಳು. ಅತ್ತಿಗೆಗೆ ನೆನಪು ತಿಳಿಸು. ಪಾಪುಗೆ ಮುತ್ತು.

ನಿನ್ನ ತಂಗಿ

---

ಜೂನ್ 27

ಸಣ್ಣೀ,

ನಿನ್ನ ಪತ್ರವನ್ನು ಆಫೀಸಿನಲ್ಲೇ ಎರಡು ಸಲ ಓದಿದೆ. ಇಲ್ಲಿ ಆಡಳಿತ ವಿಭಾಗದಲ್ಲಿ ಕೂತು ಸುತ್ತೋಲೆ ಬರೆದು ಬರೆದು ನನ್ನ ಬುದ್ಧಿಗೆ ತುಕ್ಕು ಹಿಡಿದಿತ್ತು. ನಿನ್ನ ಕ್ಯಾನು ಅದನ್ನು ಉಜ್ಜಿ ತೊಳೆಯಿತು.

ತಪ್ಪುಗಳು ಬೇಕಾದಷ್ಟಿವೆ. ಹುಡುಗ, ಹುಡುಗಿ, ಎತ್ತರ, ಕುಳ್ಳು ಎಲ್ಲರನ್ನೂ ಒಂದೇ ಸಾಲಿನಲ್ಲಿ ನಿಲ್ಲಿಸಿದ್ದೀಯ. ಒಂದೇ ಎತ್ತರದವರನ್ನು ಜೋಡಿ ಮಾಡು. ಕೊಳವೆಯ ಬಾಯಿ ಸೋರುತ್ತದಾ ನೋಡು. ಮೂಗು ಹಿಡಿದು ಊದಿಸು. ಎಲ್ಲರೆದುರು ಊದುವಾಗ ಕೆಲವರಿಗೆ ನಾಚಿಕೆ, ಮರೆ ಕಟ್ಟು. ಎಲ್ಲಕ್ಕಿಂತ ಮುಖ್ಯ, ಯಾವ ಮಗು ಯಾವ ಬೀದಿಯದು ಅಂತ ನಿನಗೆ ಗೊತ್ತು. ನಿನ್ನ ಕಣ್ಣು ಗೊತ್ತಿಲ್ಲದೆಯೇ ಗೆರೆಯನ್ನು ಮೇಲೆ ಕೆಳಗೆ ಮಾಡುತ್ತದೆ. ಮಕ್ಕಳ ಪರಿಚಯ ಇಲ್ಲದವರ ಕೈಲಿ ಓದಿಸು.

ಇನ್ನೊಂದು ಮಾತು. ಆ ವಟವಟ ಮೂರು ಸಲವೂ ಒಂದೇ ಗೆರೆಗೆ ಊದಿದಳು ಅಂದೆ. ಸೋಮಾರಿ ಒಮ್ಮೆ ಅರ್ಧ ಊದುತ್ತಾನೆ, ಒಮ್ಮೆ ಕಾಲು ಊದುತ್ತಾನೆ. ಬೇಕೆಂದು ಕಡಿಮೆ ಊದುವವರಿಗೆ ಅಷ್ಟು ಕರಾರುವಾಕ್ಕಾಗಿ ಕಡಿಮೆ ಊದಲು ಬರುವುದಿಲ್ಲ. ಯೋಚನೆ ಮಾಡು.

ಪಾಪು ಈಗ ಎಲ್ಲದಕ್ಕೂ "ಯಾಕೆ" ಅನ್ನುತ್ತಾಳೆ. ನಿನ್ನ ಹಾಗೇ ನನ್ನ ತಲೆ ತಿನ್ನುತ್ತಾಳೆ.

ಅಣ್ಣ

---

ಆಗಸ್ಟ್ 3

ಪ್ರೀತಿಯ ಅಣ್ಣನಿಗೆ,

ನೀನು ಹೇಳಿದ್ದನ್ನೆಲ್ಲ ಮಾಡಿದೆ. ಗೆರೆ ಓದಲು ಹೊಲಿಗೆ ಟೀಚರನ್ನು ಹಿಡಿದುಹಾಕಿದೆ. ಅವರು ಊರಿಗೆ ಹೊಸಬರು, ಎಂಟನೇ ತರಗತಿಗೆ ಹೋಗುವುದೇ ಇಲ್ಲ. ಮೊದಲು "ನನಗ್ಯಾಕೆ ಮಾರಾಯ್ತಿ ಈ ನೀರಾಟ" ಎಂದು ಗೊಣಗಿದರು. ಆಮೇಲೆ ಅವರಿಗೇ ಹುಚ್ಚು ಹತ್ತಿತು, ಕನ್ನಡಕ ಏರಿಸಿ ಗೆರೆಗೆ ಮೂಗು ತಾಗಿಸಿ ಕೂತರು. ಮಕ್ಕಳು ಪರದೆಯ ಹಿಂದೆ ಊದಿದರು. ಯಾರು ಊದುತ್ತಿದ್ದಾರೆ ಅಂತ ಅವರಿಗೆ ಗೊತ್ತಿಲ್ಲ. ಬೇರೆ ಬೇರೆ ವಾರಗಳಲ್ಲಿ, ನೆಗಡಿ ಇದ್ದವರನ್ನು ಬಿಟ್ಟು, ಮತ್ತೆ ಮತ್ತೆ ಮಾಡಿದೆವು. ಮಕ್ಕಳೂ ಬದಲಾದರು. "ಮಿಸ್, ನೀವು ಇವತ್ತು ಕೊಳವೆ ನೋಡಲಿಲ್ಲ," ಎಂದು ನನಗೇ ಜೋರು ಮಾಡುತ್ತಾರೆ.

ಫಲ ಬದಲಾಗಲಿಲ್ಲ. ಆದರೆ ಒಂದು ತಪ್ಪು ತಿಳಿಯಿತು. ಕೆಳಗಿನ ಬೀದಿಯ ಎಲ್ಲ ಮಕ್ಕಳದೂ ಕಡಿಮೆ ಇಲ್ಲ. ಅರ್ಧದಷ್ಟು ಮಕ್ಕಳು ಮೇಲಿನ ಬೀದಿಯವರಷ್ಟೇ ಊದುತ್ತಾರೆ. ಹದಿನಾಲ್ಕು ಮಕ್ಕಳದು ಮಾತ್ರ ಕಡಿಮೆ. ಅದೇ ಬೀದಿ, ಅದೇ ನೀರು, ಅದೇ ಬಡತನ, ಒಂದೇ ಎತ್ತರ. ಹಾಗಾದರೆ ಬೇರೆ ಏನು? ತಲೆ ಕೆಟ್ಟುಹೋಯಿತು. ಕೊನೆಗೆ ಒಂದು ಸಂಜೆ ವಟವಟಳ ಮನೆಗೆ ಹೋದೆ.

ಬಾಗಿಲು ಮುಚ್ಚಿತ್ತು. ತಟ್ಟಿದರೆ ತೆರೆದದ್ದು ಬಿಳಿ ಹುಬ್ಬಿನ ಒಬ್ಬ ಹೆಂಗಸು, ಹಿಂದೆ ಬಿಳಿ ತಲೆಯ ಇಬ್ಬರು ಮಕ್ಕಳು. ಅವರಲ್ಲಿ ಒಬ್ಬಳು ವಟವಟ, ಒಂದು ಕ್ಷಣ ಗುರುತು ಹತ್ತಲಿಲ್ಲ. ನಿಮ್ಮ ಕಾರ್ಖಾನೆಯಿಂದ ಹೋದ ಪುಡಿಚೀಲಗಳು ಖಾಲಿಯಾಗಿ ವಾಪಸು ಬರುತ್ತವಲ್ಲ, ಅವನ್ನು ಮನೆಗಳಿಗೆ ಕೊಡುತ್ತಾರೆ. ಒಳಮುಖ ತಿರುಗಿಸಿ, ಕೋಲಿನಿಂದ ಬಡಿದು, ಒದರಿ, ಹರಿದಲ್ಲಿ ಹೊಲಿದು ಕಟ್ಟು ಕಟ್ಟಿ ಕೊಡಬೇಕು. "ಹೊರಗೆ ಮಾಡಬಾರದಾ ಅಮ್ಮ?" ಎಂದು ಕೇಳಿದೆ. "ಹೊರಗೆ ಒದರಿದ್ರೆ ಅಕ್ಕಪಕ್ಕದವರು ಜಗಳಕ್ಕೆ ಬರ್ತಾರೆ ಮಿಸ್. ಅದಕ್ಕೇ ಬಾಗಿಲು ಹಾಕ್ಕೊಂಡು ಮಾಡ್ತೀವಿ. ಇವಳು ಸ್ಕೂಲಿಂದ ಬಂದವಳೇ ಕೈ ಹಾಕ್ತಾಳೆ. ಕೈ ಚುರುಕು, ಬಾಯಿಯಷ್ಟೇ," ಎಂದು ನಕ್ಕಳು. ನಗು ಕೆಮ್ಮಾಗಿ ತಿರುಗಿತು.

ಮಾರನೆಯ ದಿನ ವಿಚಾರಿಸಿದೆ. ಹದಿನಾಲ್ಕೂ ಚೀಲದ ಮನೆಯ ಮಕ್ಕಳು. ಚೀಲ ತರದ ಮನೆಯ ಒಂದು ಮಗುವೂ ಅದರಲ್ಲಿಲ್ಲ.

ಅಣ್ಣ, ಚೀಲಗಳನ್ನು ಮನೆಗೆ ಕೊಡುವುದು ನಿಲ್ಲಿಸಿ ಕಾರ್ಖಾನೆಯಲ್ಲೇ ಯಂತ್ರದಲ್ಲಿ ತೊಳೆಸಿದರೆ ಆಯಿತು. ನೀನು ಅಲ್ಲೇ ಇದ್ದೀಯ, ಯಾರಿಗೆ ಹೇಳಬೇಕೋ ಅವರ ಕಿವಿಗೆ ಹಾಕು.

ನಿನ್ನ ತಂಗಿ

---

ಆಗಸ್ಟ್ 29

ಅಣ್ಣ, ನನ್ನ ಹಿಂದಿನ ಪತ್ರ ತಲುಪಿತಾ? ನೀನು ಇಷ್ಟು ದಿನ ಸುಮ್ಮನಿರುವವನಲ್ಲ. ಪಾಪುಗೆ ಹುಷಾರಿಲ್ಲವೇ? ಎರಡು ಸಾಲು ಬರೆ.

---

ಸೆಪ್ಟೆಂಬರ್ 12

ಸಣ್ಣೀ,

ಎಲ್ಲರೂ ಆರೋಗ್ಯ. ಕೆಲಸ ಹೆಚ್ಚಿತ್ತು.

ನಿನ್ನ ಪತ್ರವನ್ನು ಮೇಲಿನವರು ಒಂದಿಬ್ಬರಿಗೆ ತೋರಿಸಿದೆ. ಗಾಬರಿಯಾಗಬೇಡ, ನಿನ್ನ ಶ್ರಮವನ್ನು ಮೆಚ್ಚಿಕೊಂಡರು. ಆದರೆ ಇಷ್ಟು ದೊಡ್ಡ ಮಾತನ್ನು ಒಂದು ಪ್ಲಾಸ್ಟಿಕ್ ಕ್ಯಾನಿನ ಮೇಲೆ ನಿಲ್ಲಿಸಲು ಬರುವುದಿಲ್ಲ. ನಿನ್ನ ಅಳತೆ ವಿಶ್ವಾಸಾರ್ಹ ಇರಬಹುದು, ಸಿಂಧು ಹೌದೋ ಅಲ್ಲವೋ ಹೇಳಲು ನೀನೂ ವೈದ್ಯೆಯಲ್ಲ, ನಾನೂ ಅಲ್ಲ. ಆ ಮನೆಗಳಲ್ಲಿ ಒಲೆಯ ಹೊಗೆ ಇರಬಹುದು, ಗೋಡೆಯ ಥಂಡಿ ಇರಬಹುದು.

ಅದಕ್ಕೇ ಕಂಪನಿಯೇ ಒಬ್ಬ ಡಾಕ್ಟರನ್ನು ಸರಿಯಾದ ಯಂತ್ರದೊಂದಿಗೆ ಕಳಿಸುತ್ತದೆ. ಆ ಹದಿನಾಲ್ಕು ಮಕ್ಕಳ ಹೆಸರು, ಮನೆ ಕಳಿಸಿಕೊಡು. ಮೊದಲು ನೋಡಬೇಕಾದವರು ಅವರೇ ತಾನೇ.

ಅಲ್ಲಿಯವರೆಗೆ ತಂದೆತಾಯಿಗಳ ಹತ್ತಿರ ಏನೂ ಹೇಳಬೇಡ. ಅರ್ಧ ಬೆಂದ ಫಲಿತಾಂಶ ಜನರನ್ನು ಹೆದರಿಸುತ್ತದೆ, ಅಷ್ಟೇ.

ಅಣ್ಣ

---

ಸೆಪ್ಟೆಂಬರ್ 20

ಪ್ರೀತಿಯ ಅಣ್ಣನಿಗೆ,

ನೀನು ಕೈಬಿಡುವುದಿಲ್ಲ ಅಂತ ಗೊತ್ತಿತ್ತು. ನಡುವೆ ಒಂದು ವಾರ ನಿನ್ನ ಮೇಲೆ ಸಿಟ್ಟು ಮಾಡಿಕೊಂಡಿದ್ದೆ, ಹೊಟ್ಟೆಗೆ ಹಾಕಿಕೋ. ಹೆಸರುಗಳನ್ನು ಇನ್ನೊಂದು ಹಾಳೆಯಲ್ಲಿ ಬರೆದಿದ್ದೇನೆ. ಕೆಲವರು ಮನೆಯಲ್ಲಿ ಒಂದು ಹೆಸರು, ಶಾಲೆಯಲ್ಲಿ ಒಂದು ಹೆಸರು ಇಟ್ಟುಕೊಂಡಿದ್ದಾರೆ, ಡಾಕ್ಟರಿಗೆ ಗೊಂದಲವಾಗದಿರಲಿ ಎಂದು ಎರಡನ್ನೂ ಹಾಕಿದ್ದೇನೆ.

ಡಾಕ್ಟರ್ ಬರುತ್ತಾರೆ ಅಂತ ತರಗತಿಗೆ ಹೇಳಿದೆ. ಯಾರನ್ನು ಅಳೆಯುತ್ತೇವೆ ಅನ್ನುವುದೂ ಪ್ರಯೋಗದ ಭಾಗ ಎಂದು ಅದೇ ನೆಪದಲ್ಲಿ ಪಾಠ ಮಾಡಿದೆ. ಶಾಲೆಯ ಮಕ್ಕಳ ಎತ್ತರ ತಿಳಿಯಲು ವಾಲಿಬಾಲ್ ತಂಡವನ್ನು ಮಾತ್ರ ಅಳೆದರೆ ಟೇಪಿನದು ತಪ್ಪಿರುವುದಿಲ್ಲ, ಓದಿದ್ದೂ ತಪ್ಪಿರುವುದಿಲ್ಲ, ಉತ್ತರ ಮಾತ್ರ ಸುಳ್ಳಾಗಿರುತ್ತದೆ ಎಂದೆ. ಅವರಿಗೆ ತಟ್ಟನೆ ಅರ್ಥವಾಯಿತು.

ವಟವಟ ಆಗಾಗ ಶಾಲೆ ತಪ್ಪಿಸುತ್ತಿದ್ದಾಳೆ. ಮಾತಿನ ನಡುವೆ ಕೆಮ್ಮು ಬಂದರೆ ಕೈಯೆತ್ತಿ "ತಡೀರಿ, ಇನ್ನೂ ಮುಗಿದಿಲ್ಲ" ಅನ್ನುವ ಹಾಗೆ ಎಲ್ಲರನ್ನೂ ನಿಲ್ಲಿಸಿಕೊಳ್ಳುತ್ತಾಳೆ. ಮೊನ್ನೆ ಅವಳ ತಾಯಿ ದಾರಿಯಲ್ಲಿ ಸಿಕ್ಕಿದಳು. ಚೀಲ ಮುಟ್ಟಿಸಬೇಡ ಅನ್ನುವ ಮಾತು ನಾಲಿಗೆಯ ತುದಿಗೆ ಬಂದಿತ್ತು. ನೀನು ಬೇಡ ಅಂದಿದ್ದೀಯ, ನುಂಗಿಕೊಂಡೆ. ಡಾಕ್ಟರನ್ನು ಬೇಗ ಕಳಿಸು.

ನಿನ್ನ ತಂಗಿ

---

ನವೆಂಬರ್ 5

ಸಣ್ಣಿಗೆ,

ಡಾಕ್ಟರ್ ಈ ತಿಂಗಳ ಮೂರನೇ ವಾರ ಬರುತ್ತಾರೆ. ದಿನವನ್ನು ನಿಮ್ಮ ಹೆಡ್‌ಮೇಷ್ಟ್ರಿಗೆ ತಿಳಿಸುತ್ತಾರೆ. ಅವರಿಗೆ ಸಹಕಾರ ಕೊಡು, ಹೆಚ್ಚು ಮಾತನಾಡಬೇಡ.

ಅಣ್ಣ

---

ನವೆಂಬರ್ 22

ಪ್ರೀತಿಯ ಅಣ್ಣನಿಗೆ,

ಡಾಕ್ಟರ್ ಬಂದು ಹೋದರು. ಮೆದು ಮಾತಿನ ಮನುಷ್ಯ. ಯಂತ್ರ ನೋಡಲು ಎರಡು ಕಣ್ಣು ಸಾಲದು. ಊದಿದ ಕೂಡಲೇ ಸೂಜಿ ಓಡಿ ಕಾಗದದ ಮೇಲೆ ಗೆರೆ ಬರೆಯುತ್ತದೆ. ಹೊಲಿಗೆ ಟೀಚರ್ ಅದನ್ನು ಮೂರು ಸುತ್ತು ಹಾಕಿ, "ನಮ್ಮ ಕ್ಯಾನಿನ ದೊಡ್ಡಪ್ಪ" ಅಂದರು.

ಆದರೆ ನೋಡು ನಮ್ಮ ಗ್ರಹಚಾರ. ಕಂಪನಿ ಅದೇ ದಿನ ಕೆಲವು ಮಕ್ಕಳನ್ನು ಬಸ್ಸಿನಲ್ಲಿ ಅಣೆಕಟ್ಟು ತೋರಿಸಲು ಕರೆದುಕೊಂಡು ಹೋಗಿತ್ತು. ಊಟ, ಟೋಪಿ ಎಲ್ಲ ಕೊಟ್ಟರಂತೆ. ನಮ್ಮ ಹದಿನಾಲ್ಕು ಮಕ್ಕಳೂ ಅದರಲ್ಲೇ ಹೋಗಿದ್ದರು. ಪಾಪ, ಅವರು ಬಸ್ಸು ಹತ್ತಿದ್ದೇ ಮೊದಲ ಸಲ, ಹೇಗೆ ಬೇಡ ಅನ್ನಲಿ? ಡಾಕ್ಟರಿಗೆ ಹೇಳಿದೆ. "ನನಗೆ ಕೊಟ್ಟ ಪಟ್ಟಿಯಲ್ಲಿ ಇದ್ದವರನ್ನು ನೋಡಿದ್ದೇನಮ್ಮ," ಎಂದು ಪೆಟ್ಟಿಗೆ ಮುಚ್ಚಿದರು. ಆಫೀಸಿನಲ್ಲಿ ಯಾರೋ ಪಟ್ಟಿ ಅದಲುಬದಲು ಮಾಡಿದ್ದಾರೆ. ಇನ್ನೊಂದು ದಿನ ಕಳಿಸುವಂತೆ ನೀನು ಹೇಳಬೇಕು. ತಡ ಮಾಡಬೇಡ.

ನಿನ್ನ ತಂಗಿ

---

ಡಿಸೆಂಬರ್ 10

ಅಣ್ಣ, ಡಾಕ್ಟರ್ ಮತ್ತೆ ಯಾವಾಗ ಬರುತ್ತಾರೆ? ಉತ್ತರ ಇಲ್ಲ ಯಾಕೆ?

---

ಜನವರಿ 8

ಅಣ್ಣನಿಗೆ,

ಇವತ್ತು ಶಾಲೆಯ ಹಲಗೆಯ ಮೇಲೆ, ಕಾರ್ಖಾನೆಯ ಗೇಟಿನ ಮೇಲೆ, ಕೆಳಗಿನ ಬೀದಿಯ ನಲ್ಲಿಯ ಪಕ್ಕದ ಗೋಡೆಯ ಮೇಲೆ ಒಂದೇ ಕಾಗದ ಅಂಟಿಸಿದ್ದಾರೆ. ಆಧುನಿಕ ಯಂತ್ರದಿಂದ ಮಕ್ಕಳನ್ನು ಪರೀಕ್ಷಿಸಲಾಗಿದೆ, ಎರಡು ಬೀದಿಗಳ ಮಕ್ಕಳ ಶ್ವಾಸಶಕ್ತಿಯಲ್ಲಿ ವ್ಯತ್ಯಾಸ ಕಂಡುಬಂದಿಲ್ಲ, ವದಂತಿಗಳಿಗೆ ಕಿವಿಗೊಡಬಾರದು. ಕೆಳಗೆ ಮುಖ್ಯ ಕಚೇರಿಯ ಪರವಾಗಿ ಸಹಿ. ಆ ಸಹಿಯನ್ನು ನಾನು ಗುರುತಿಸಲಾರೆನೇ? ನನ್ನ ಅಂಕಪಟ್ಟಿಗಳ ಮೇಲೆ ಅಪ್ಪನ ಬದಲು ನೀನೇ ಹಾಕುತ್ತಿದ್ದೆ.

ಅಂಕಿಗಳನ್ನೂ ಹಾಕಿದ್ದಾರೆ. ನನ್ನ ಕ್ಯಾನಿನ ಅಂಕಿಗಳ ಪಕ್ಕ ಇಟ್ಟು ನೋಡಿದೆ. ಚೀಲ ತರದ ಮನೆಗಳ ಮಕ್ಕಳದು ಹೆಚ್ಚುಕಡಿಮೆ ತಾಳೆಯಾಗುತ್ತದೆ. ನನ್ನ ಕ್ಯಾನು ಸರಿಯಾಗಿಯೇ ಅಳೆದಿತ್ತು ಅನ್ನುವುದಕ್ಕೆ ನಿಮ್ಮ ಯಂತ್ರವೇ ಸಾಕ್ಷಿ. ಉಳಿದ ಹದಿನಾಲ್ಕು ಮಕ್ಕಳು ಮಾತ್ರ ಟೋಪಿ ಹಾಕಿಕೊಂಡು ಅಣೆಕಟ್ಟು ನೋಡುತ್ತಿದ್ದರು.

ಬಸ್ಸು ಹತ್ತಿಸುವಾಗ ಹೆಸರು ಕೂಗಿದವರು ಮನೆಯ ಹೆಸರು, ಶಾಲೆಯ ಹೆಸರು ಎರಡನ್ನೂ ಕೂಗಿದರಂತೆ. ಇವತ್ತು ಮಕ್ಕಳನ್ನು ಕೇಳಿ ತಿಳಿದುಕೊಂಡೆ. ಹಾಗೆ ಎರಡು ಹೆಸರು ಬರೆದ ಹಾಳೆ ಪ್ರಪಂಚದಲ್ಲಿ ಒಂದೇ. ಅದನ್ನು ಬರೆದವಳು ನಾನು, ಕಳಿಸಿದ್ದು ನಿನಗೆ.

ವಾಲಿಬಾಲ್ ತಂಡದ ಪಾಠವನ್ನು ನನ್ನ ತರಗತಿಯ ಮಕ್ಕಳಿಗಿಂತ ನೀನು ಚೆನ್ನಾಗಿ ಕಲಿತೆ.

---

ಜನವರಿ 24

ತಂಗಿಗೆ,

ನಿನ್ನ ಸಿಟ್ಟು ಅರ್ಥವಾಗುತ್ತದೆ. ಆದರೆ ನಾನು ಕೂತ ಕುರ್ಚಿಯಲ್ಲಿ ನೀನು ಕೂತಿಲ್ಲ.

ಆ ಪತ್ರವನ್ನು ನಾನು ತೋರಿಸಿದ ದಿನ ಶಾಲೆಯನ್ನೇ ಮುಚ್ಚುವ ಮಾತು ಬಂತು. ಎಲ್ಲ ಮಕ್ಕಳೂ ಬೀದಿಗೆ ಬೀಳುತ್ತಿದ್ದರು. ಈ ಟೀಚರ್ ಯಾರು ಅಂತ ಕೇಳಿದಾಗ ನನ್ನ ತಂಗಿ ಎಂದು ಎಲ್ಲರೆದುರು ಹೇಳಿದೆ. ನಿನ್ನ ಕೆಲಸ ಉಳಿದದ್ದು ಅದರಿಂದ. ಹೆಸರು ಕೇಳಿದರು, ಕೊಟ್ಟೆ. ಬಸ್ಸು ಯಾರ ಯೋಚನೆ ಅಂತ ನನ್ನನ್ನು ಕೇಳಬೇಡ.

ಒಂದು ಮಾತು ನೆನಪಿಡು. ಆ ವರದಿಯಲ್ಲಿ ಒಂದು ಅಂಕಿಯೂ ಸುಳ್ಳಲ್ಲ. ಸುಳ್ಳಿಗೆ ನಾನು ಸಹಿ ಹಾಕಿಲ್ಲ. ಚೀಲದ ವಿಷಯವನ್ನೂ ಬಿಟ್ಟಿಲ್ಲ, ಸರಿಯಾದ ಸಮಯ ನೋಡಿ ಒಳಗಿನಿಂದಲೇ ಎತ್ತುತ್ತೇನೆ. ಅತ್ತಿಗೆ ನಿನ್ನನ್ನು ಕೇಳುತ್ತಿರುತ್ತಾಳೆ.

ಅಣ್ಣ

---

ಮಾರ್ಚ್ 9

ಅಣ್ಣನಿಗೆ,

ನೀನು ಉಳಿಸಿದ ಕೆಲಸದ ಬಗ್ಗೆ ತಿಳಿಸುತ್ತೇನೆ. ವಿಜ್ಞಾನದ ತರಗತಿಗಳನ್ನು ನನ್ನಿಂದ ತೆಗೆದಿದ್ದಾರೆ. ಈಗ ಮೂರನೇ ತರಗತಿಗೆ ಕಾಪಿ ಬರೆಸುತ್ತೇನೆ. ಕ್ಯಾನನ್ನು ಹೆಡ್‌ಮೇಷ್ಟ್ರು ಪಾಯಿಖಾನೆಯಲ್ಲಿ ನೀರಿಗೆ ಇಡಿಸಿದ್ದಾರೆ. ಗೆರೆಗಳು ಇನ್ನೂ ಅಳಿಸಿಲ್ಲ.

ವರದಿ ಬಂದ ಮೇಲೆ ಬಾಯಿಗೆ ಹಾಕಿಕೊಂಡಿದ್ದ ಬೀಗ ತೆಗೆದು ಮನೆ ಮನೆಗೆ ಹೋದೆ. ಚೀಲ ಬಿಡಿ ಎಂದೆ. "ಅಷ್ಟು ದೊಡ್ಡ ಮಿಷನ್ ತಂದು ನೋಡಿದ್ರಲ್ಲ ಮಿಸ್, ಏನೂ ಇಲ್ಲ ಅಂತ ಬರೆದು ಅಂಟಿಸಿದ್ದಾರಲ್ಲ," ಅಂದರು. ನಿಮ್ಮ ಮಕ್ಕಳನ್ನು ನೋಡಲೇ ಇಲ್ಲ ಎಂದು ಬಿಡಿಸಿ ಹೇಳಿದೆ. ಒಬ್ಬಳು ತಾಯಿ ಬಡಿಯುತ್ತಿದ್ದ ಚೀಲ ಕೆಳಗಿಟ್ಟು, "ನೋಡದೇ ಇದ್ದದ್ದೇ ಒಳ್ಳೇದಾಯ್ತು ಬಿಡಿ, ನೋಡಿದ್ದರೆ ಚೀಲ ಕೊಡೋದು ನಿಲ್ಲಿಸ್ತಿದ್ರು," ಅಂದಳು. ಸೆಪ್ಟೆಂಬರಿನಲ್ಲಿ, ಯಾವ ಕಾಗದವೂ ಗೋಡೆಯ ಮೇಲೆ ಇಲ್ಲದಾಗ ಹೇಳಿದ್ದರೆ ಕೇಳುತ್ತಿದ್ದರೋ ಏನೋ. ಆಗ ನಾನು ನಿನ್ನ ಮಾತು ಕೇಳಿಕೊಂಡು ಕೂತಿದ್ದೆ.

ವಟವಟಳನ್ನು ಸರ್ಕಾರಿ ಆಸ್ಪತ್ರೆಗೆ ನಾನೇ ಕರೆದುಕೊಂಡು ಹೋದೆ. ಎದೆಯ ಚಿತ್ರ ತೆಗೆದರು. ಪುಡಿ ಒಳಗೆ ಕೂತು ಗಾಯ ಮಾಡಿದೆ, ಗಾಯ ಆದ ಜಾಗ ಮತ್ತೆ ಮೊದಲಿನಂತೆ ಆಗುವುದಿಲ್ಲ, ಇನ್ನೂ ಹೆಚ್ಚಾಗದಂತೆ ದೂರ ಇಡಿ ಎಂದರು ಅಲ್ಲಿನ ಡಾಕ್ಟರು. ಮನೆಯವರು ಅವಳನ್ನು ಚಿಕ್ಕಮ್ಮನ ಊರಿಗೆ ಕಳಿಸಿಬಿಟ್ಟರು. ನಿನ್ನೆ ಬಸ್ಸಿಗೆ ಹತ್ತಿಸಲು ಹೋಗಿದ್ದೆ. ಮಾತು ಬಹಳ ಕಡಿಮೆ ಮಾಡಿದ್ದಾಳೆ. ಬೇಸರಕ್ಕಲ್ಲ, ಉಸಿರು ಉಳಿಸಿಕೊಳ್ಳುವುದಕ್ಕೆ. ಕಿಟಕಿಯ ಪಕ್ಕ ಕೂತು ನನ್ನನ್ನು ಹತ್ತಿರ ಕರೆದು ಇಷ್ಟು ಹೇಳಿದಳು: "ಮಿಸ್, ನಾನು ಅವತ್ತು ನಿಜವಾಗ್ಲೂ ಜೋರಾಗೇ ಊದಿದ್ದೆ."

ನನಗೆ ಗೊತ್ತು ಮಗಾ ಎಂದೆ. ಬಸ್ಸು ಹೊರಟಿತ್ತು, ಕೇಳಿಸಿತೋ ಇಲ್ಲವೋ.

ನೀನು ಸರಿಯಾದ ಸಮಯ ನೋಡುತ್ತಿರು. ಅವಳ ತಾಯಿ ಈಗ ಅವಳ ಪಾಲಿನ ಚೀಲಗಳನ್ನೂ ತಾನೇ ಬಡಿಯುತ್ತಾಳೆ.

---

ಏಪ್ರಿಲ್ 18

ಪ್ರೀತಿಯ ಸಣ್ಣಿಗೆ,

ನಿನ್ನ ಪತ್ರಕ್ಕೆ ಎರಡು ಸಲ ಉತ್ತರ ಬರೆದು ಹರಿದುಹಾಕಿದೆ. ಈಗ ಒಂದು ಸುದ್ದಿ ಇದೆ. ನನ್ನನ್ನು ಅಲ್ಲಿನ ಕಾರ್ಖಾನೆಗೇ ಮ್ಯಾನೇಜರ್ ಮಾಡಿ ಹಾಕಿದ್ದಾರೆ. ಮುಂದಿನ ತಿಂಗಳ ಕೊನೆಗೆ ಬರುತ್ತೇನೆ. ಇಷ್ಟು ವರ್ಷದ ಮೇಲೆ ಅಣ್ಣ ತಂಗಿ ಒಂದೇ ಊರಿನಲ್ಲಿ ಇರುತ್ತೇವೆ. ಎದುರು ಬದುರು ಕೂತು ಮಾತಾಡಿದರೆ ಪತ್ರದಲ್ಲಿ ಗಂಟಾದದ್ದು ಸಡಿಲವಾದೀತು ಎಂಬ ಆಸೆ ನನಗಿದೆ.

ಒಂದು ವಿಷಯ ನಿನ್ನನ್ನೇ ಕೇಳಬೇಕು, ಬೇರೆ ಯಾರನ್ನೂ ಕೇಳುವ ಹಾಗಿಲ್ಲ. ಮ್ಯಾನೇಜರ್ ಬಂಗಲೆ ಕಾರ್ಖಾನೆಯ ಯಾವ ದಿಕ್ಕಿಗಿದೆ? ಚೀಲ ತುಂಬುವ ಶೆಡ್ಡಿನ ಗಾಳಿ ಆ ಕಡೆ ಬೀಸುತ್ತದಾ? ಪಾಪುಗೆ ಇನ್ನೂ ಐದು ತುಂಬಿಲ್ಲ, ನೆಗಡಿ ಬೇಗ ಎದೆಗಿಳಿಯುತ್ತದೆ. ಕಿಟಕಿಗಳಿಗೆ ಗಾಜು ಹಾಕಿಸಿದರೆ ಸಾಕೇ, ಅಥವಾ ಕರೆದುಕೊಂಡು ಬರದಿರುವುದೇ ಒಳ್ಳೆಯದೇ? ಇದ್ದದ್ದು ಇದ್ದ ಹಾಗೆ ಬರೆ. ನಿನ್ನ ಮಾತಿನ ಮೇಲೆ ತೀರ್ಮಾನ ಮಾಡುತ್ತೇನೆ. ಅತ್ತಿಗೆಗೆ ಈ ಪತ್ರದ ವಿಷಯ ಗೊತ್ತಿಲ್ಲ.

ಅಣ್ಣ

---

ಏಪ್ರಿಲ್ 26

ಅಣ್ಣನಿಗೆ,

ನಿನ್ನ ಪತ್ರ ಬಂದ ದಿನ ಉತ್ತರ ಬರೆಯಬಾರದು ಅಂದುಕೊಂಡೆ. ಗೋಡೆಯ ಮೇಲಿನ ಕಾಗದವನ್ನು ಕಿತ್ತು ಲಕೋಟೆಗೆ ಹಾಕಿ ಕಳಿಸೋಣ, ಸಹಿ ನಿನ್ನದೇ ಇದೆಯಲ್ಲ, ನೀನೇ ಓದಿ ನೋಡು ಅನ್ನಿಸಿತು. ಲಕೋಟೆ ತಂದೂ ಇಟ್ಟಿದ್ದೆ. ಆಮೇಲೆ ಪಾಪು ನೆನಪಾದಳು. ಅವಳು ಯಾವುದಕ್ಕೂ ಸಹಿ ಹಾಕಿದವಳಲ್ಲ.

ಭಾನುವಾರ ಬಂಗಲೆಗೆ ಹೋದೆ. ಹೊಸದಾಗಿ ಬರುವ ಮ್ಯಾನೇಜರ್ ತಂಗಿ ಎಂದಾಗ ಕಾವಲುಗಾರ ಬಾಗಿಲು ತೆಗೆದ. ಹಿಂದಿನ ಎರಡು ಕೋಣೆ ಶೆಡ್ಡಿಗೆ ನೇರ ಎದುರು. ಮುಚ್ಚಿದ ಕಿಟಕಿಯ ಒಳಗೂ ಪುಡಿ ಇದೆ. ತೊಟ್ಟಿಲು ಕಟ್ಟಲು ಕೊಕ್ಕೆ ಹಾಕಿದ ಕೋಣೆಯಲ್ಲಿ ಹೆಚ್ಚು. ಬೇಸಿಗೆಯಿಡೀ ಗಾಳಿ ಆ ಕಡೆಗೇ. ಗಾಜು ಸಾಲದು.

ಪಾಪುವನ್ನು ಕರೆದುಕೊಂಡು ಬರಬೇಡ.

ಇಷ್ಟಕ್ಕೇ ನಿನಗೆ ಸಮಾಧಾನವಾಗುತ್ತದೆ ಅಂತ ಗೊತ್ತು. ನಾನು ಬೆರಳಿನಿಂದ ಒಂದು ಸಲ ಕಿಟಕಿ ಒರೆಸಿ ನೋಡಿದ್ದು ಸಾಕು ನಿನಗೆ. ಎಷ್ಟು ಸಲ ನೋಡಿದೆ, ಯಾರ ಕೈಲಿ ನೋಡಿಸಿದೆ, ಡಾಕ್ಟರ್ ಏನಂದರು, ಯಾವುದನ್ನೂ ನೀನು ಕೇಳುವುದಿಲ್ಲ. ಹದಿನಾಲ್ಕು ಮಕ್ಕಳಿಗೆ ಒಂದು ವರ್ಷದ ಪುರಾವೆ ಸಾಲಲಿಲ್ಲ.

---

ಜೂನ್ 1

ಸಣ್ಣಿಗೆ,

ಬಂದು ನಾಲ್ಕು ದಿನವಾಯಿತು. ನೀನು ಬರುತ್ತೀಯ ಎಂದು ಕಾದೆ. ಇರುವುದು ಎರಡು ಬೀದಿಯಾಚೆ, ಆದರೂ ಕಾಗದವನ್ನೇ ಕಳಿಸಬೇಕಾಗಿದೆ. ಆಫೀಸಿನ ಹುಡುಗನ ಕೈಲಿ ಕೊಟ್ಟಿದ್ದೇನೆ.

ಪಾಪುವೂ ಅತ್ತಿಗೆಯೂ ಅಜ್ಜಿಯ ಮನೆಯಲ್ಲೇ ಉಳಿದರು. ಯಾಕೆ ಎಂದು ಇಲ್ಲಿ ಎಲ್ಲರೂ ಕೇಳುತ್ತಾರೆ. ಅಲ್ಲಿನ ಶಾಲೆ ಒಳ್ಳೆಯದು ಅಂದಿದ್ದೇನೆ. ನಿನ್ನನ್ನು ಯಾರಾದರೂ ಕೇಳಿದರೆ ನೀನೂ ಹಾಗೇ ಹೇಳು. ಚೀಲದ ವಿಷಯ ಮೇಲಿನವರಿಗೆ ಬರೆದಿದ್ದೇನೆ, ಈ ವರ್ಷ ಕಷ್ಟ ಅನ್ನುತ್ತಾರೆ. ಭಾನುವಾರ ಊಟಕ್ಕೆ ಬಾ. ದೊಡ್ಡ ಮನೆ, ಒಬ್ಬನೇ ಇದ್ದೇನೆ.

ಅಣ್ಣ

---

ಜೂನ್ 3

ಅಣ್ಣನಿಗೆ,

ಊಟಕ್ಕೆ ಬರುವುದಿಲ್ಲ.

ನೀನು ಹೇಳಿದ ಹಾಗೇ ಒಬ್ಬರು ಕೇಳಿದರು. ನಿನ್ನೆ ಶಾಲೆ ಬಿಟ್ಟ ಮೇಲೆ ವಟವಟಳ ತಾಯಿ ಗೇಟಿನ ಹತ್ತಿರ ಸಿಕ್ಕಿದಳು. ತಲೆಯ ಮೇಲೆ ಚೀಲದ ಕಟ್ಟು ಇತ್ತು, ಇಳಿಸಿ ಅದರ ಮೇಲೇ ಕೂತಳು. ಮಗಳ ಕಾಗದ ಬಂದಿದೆ, ಸ್ವಲ್ಪ ದೂರ ನಡೆಯುತ್ತಾಳಂತೆ ಎಂದಳು. ಆಮೇಲೆ, "ಹೊಸ ಮ್ಯಾನೇಜರ್ ನಿಮ್ಮ ಅಣ್ಣನೇ ಅಂತೆ ಮಿಸ್. ಹೆಂಡತಿ ಮಗು ಬರಲಿಲ್ವಂತೆ, ಯಾಕೆ?" ಎಂದು ಕೇಳಿದಳು.

ಹೇಳಿದೆ. ನೀನು ಏನು ಕೇಳಿದೆ, ನಾನು ಏನು ಬರೆದೆ, ಎಲ್ಲವನ್ನೂ ಹೇಳಿದೆ. ಅವಳು ಸೆರಗಿನಿಂದ ಹುಬ್ಬು ಒರೆಸಿಕೊಂಡು ಕೇಳಿದಳು. ಬೈಯಲಿ, ನಿನ್ನನ್ನೂ ನನ್ನನ್ನೂ ಸೇರಿಸಿ ಬೈಯಲಿ ಎಂದು ಕಾದೆ.

"ಎಷ್ಟು ವರ್ಷ ಆ ಮಗುಗೆ?" ಎಂದಳು.

"ಐದು ತುಂಬಬೇಕು."

"ಸದ್ಯ, ಬರಲಿಲ್ವಲ್ಲ," ಎಂದಳು.

ಚುಚ್ಚಿ ಹೇಳಿದಳೇ ಎಂದು ಅವಳ ಮುಖ ನೋಡಿದೆ. ಇಲ್ಲ ಅಣ್ಣ. ನಿಜವಾಗಿಯೂ ಅವಳಿಗೆ ಸಮಾಧಾನವಾಗಿತ್ತು. ಕಟ್ಟು ಎತ್ತಲು ಒಂದು ಕೈ ಕೊಡಿ ಎಂದಳು. ಕೊಟ್ಟೆ. ತಲೆಯ ಮೇಲೆ ಸರಿಮಾಡಿಕೊಂಡು ಮನೆಯ ಕಡೆ ಹೋದಳು.